ಹತ್ತು ಸಾವಿರದ ಸಭಾಂಗಣ, ಬಂದವರು 174

ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಒಂದು ಸಂಗೀತ ಉತ್ಸವ. ಹತ್ತು ಸಾವಿರ ಜನ ಹಿಡಿಸುವ ಸಭಾಂಗಣ. ವೇದಿಕೆಯ ಮೇಲೆ ಐವತ್ತರ ಹತ್ತಿರ ಬಂದ ಗಿಟಾರ್ ವಾದಕನೊಬ್ಬ ತಲೆಗೂದಲು ಹಾರಿಸುತ್ತ, ಗಂಟಲು ಹರಿಯುವಂತೆ ಹಾಡುತ್ತಿದ್ದಾನೆ. ಅವನ ಹಿಂದೆ ಅದೇ ವಯಸ್ಸಿನ ಡ್ರಮ್ಸ್ ವಾದಕ ಒಂದು ಪೆಟ್ಟನ್ನೂ ಸಡಿಲ ಬಿಡದೆ ಬಾರಿಸುತ್ತಿದ್ದಾನೆ. ಎದುರಿಗೆ ಇರುವವರು 174 ಜನ.

ಈ ದೃಶ್ಯ ಇರುವುದು ‘ಅನ್ವಿಲ್! ದಿ ಸ್ಟೋರಿ ಆಫ್ ಅನ್ವಿಲ್’ ಎಂಬ ಸಾಕ್ಷ್ಯಚಿತ್ರದಲ್ಲಿ. ಅದನ್ನು ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ, ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ, ಹಳೆಯ ಇಬ್ಬರು ಸಂಗಾತಿಗಳೊಂದಿಗೆ ಕುಳಿತು ನೋಡಿದೆ. ಒಂದು ಕಾಲಕ್ಕೆ ಅದೇ ಕೋಣೆಯಲ್ಲಿ ನಮ್ಮ ವಾದ್ಯಗೋಷ್ಠಿಯ ತಾಲೀಮು ನಡೆಯುತ್ತಿತ್ತು. ನಾನು ಡ್ರಮ್ಸ್, ಇನ್ನೊಬ್ಬ ಕೀಬೋರ್ಡ್, ಮತ್ತೊಬ್ಬ ಗಾಯಕ. ಗಣೇಶನ ಹಬ್ಬ, ಜಾತ್ರೆ, ಮದುವೆಯ ಆರತಕ್ಷತೆ ಎಂದು ಹದಿನಾರು ವರ್ಷ ಹರಿಹರದಿಂದ ಹೊಳಲ್ಕೆರೆಯವರೆಗೆ ಊರೂರು ತಿರುಗಿದವರು ನಾವು. ನುಡಿಸುತ್ತಿದ್ದದ್ದು ಸಿನಿಮಾ ಹಾಡುಗಳನ್ನು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನನ್ನೊಬ್ಬನ ಹುಚ್ಚಾಗಿತ್ತು. 174 ಜನರ ದೃಶ್ಯ ಮುಗಿದಾಗ ಗಾಯಕ ಗೆಳೆಯ ಒಂದೇ ಮಾತು ಕೇಳಿದ: ‘ಇಷ್ಟು ಚೆನ್ನಾಗಿ ಬಾರಿಸುವವರಿಗೆ ಹೀಗೇಕಾಯಿತು?’

ಹಣೆಬರಹ ಎಂದು ಕೈತೊಳೆದುಕೊಳ್ಳಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಹಣೆಬರಹಕ್ಕಿಂತ ಸ್ಪಷ್ಟವಾದ ಕಾರಣಗಳಿವೆ, ಅವನ್ನು ಒಂದೊಂದಾಗಿ ಬಿಡಿಸಿ ಹೇಳಲು ಸಾಧ್ಯವಿದೆ. ಆ ಸಂಜೆ ಅವನಿಗೆ ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಇವರು ಯಾರೆಂದು ಹೇಳಬೇಕು. ಅನ್ವಿಲ್ ಎಂದರೆ ಕಮ್ಮಾರ ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡೆಗಲ್ಲು. ಟೊರೊಂಟೊ ನಗರದಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಗೆಳೆಯರಾದ ಸ್ಟೀವ್ ಕಡ್ಲೋ ಮತ್ತು ರಾಬ್ ರೈನರ್ 1978ರಲ್ಲಿ ಕಟ್ಟಿದ ತಂಡ ಇದು. ಕಡ್ಲೋನನ್ನು ಎಲ್ಲರೂ ಕರೆಯುವುದು ‘ಲಿಪ್ಸ್’ ಎಂದೇ. ಸಾಯುವವರೆಗೂ ಒಟ್ಟಿಗೆ ನುಡಿಸುತ್ತೇವೆ ಎಂದು ಆ ಹುಡುಗರು ಮಾತು ಕೊಟ್ಟುಕೊಂಡಿದ್ದರು. ಮೂವತ್ತು ವರ್ಷಗಳ ನಂತರ ಕ್ಯಾಮೆರಾ ಅವರ ಹತ್ತಿರ ಬಂದಾಗ ಲಿಪ್ಸ್ ಹಿಮ ಬಿದ್ದ ರಸ್ತೆಗಳಲ್ಲಿ ವ್ಯಾನ್ ಓಡಿಸಿಕೊಂಡು ಶಾಲೆಗಳಿಗೆ ಊಟ ತಲುಪಿಸುತ್ತಿದ್ದ. ರಾಬ್ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ. ಕೊಟ್ಟ ಮಾತು ಮಾತ್ರ ಮುರಿದಿರಲಿಲ್ಲ.

ಇವರು ನುಡಿಸುವುದು ಏನನ್ನು? ದಾವಣಗೆರೆಯಲ್ಲಿ ಹೆವಿ ಮೆಟಲ್ ಎಂದರೆ ಬಹಳ ಜನರಿಗೆ ‘ಬರೀ ಗದ್ದಲ’. ಆ ಗದ್ದಲಕ್ಕೆ ಒಂದು ಕ್ರಮವಿದೆ, ಅದು ಹುಟ್ಟಿದ ಊರಿಗೂ ನಮ್ಮ ಊರಿಗೂ ಒಂದು ನಂಟಿದೆ. ಹತ್ತಿಯ ಗಿರಣಿಗಳಿದ್ದ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಯ ಕೂಗು ಕೇಳಿ ಗಡಿಯಾರ ತಿದ್ದಿಕೊಂಡ ಮನೆಗಳು ಇಲ್ಲಿದ್ದವು. ಹೆವಿ ಮೆಟಲ್ ಹುಟ್ಟಿದ್ದೂ ಅಂಥದೇ ಊರಿನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳ ನಡುವೆ. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ತನ್ನ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿಸಿಕೊಂಡು ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಗೈಯಲ್ಲಿ ಗಿಟಾರ್ ಮೀಟುವವನಾದ್ದರಿಂದ ಕಳೆದುಹೋದದ್ದು ತಂತಿ ಒತ್ತುವ ಬಲಗೈಯ ಬೆರಳುಗಳು. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಹಗುರ ತಂತಿ ಹಾಕಿದ, ಮುಂದೆ 1971ರ ಆಲ್ಬಮ್‌ನಿಂದ ಅವನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದ. ನೋವು ತಪ್ಪಿಸಿಕೊಳ್ಳಲು ಮಾಡಿಕೊಂಡ ಈ ಏರ್ಪಾಡಿನಿಂದ ಹೊಮ್ಮಿದ ಭಾರವಾದ ದನಿ ಮೊದಲು 1970ರಲ್ಲಿ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ಮಾಗಿ ಹೊರಬಂತು. ಹೆವಿ ಮೆಟಲ್‌ನ ಹುಟ್ಟನ್ನು ಬಹುತೇಕರು ಎಣಿಸುವುದು ಅಲ್ಲಿಂದಲೇ.

ಆ ದನಿಯ ಗುಟ್ಟು ಎರಡು. ಜಾತ್ರೆಯಲ್ಲಿ ಮೈಕ್‌ಸೆಟ್‌ನವನು ದನಿಯನ್ನು ಮಿತಿಮೀರಿ ಏರಿಸಿದಾಗ ಹಾರ್ನ್ ಒಡೆದಂತೆ ಕೇಳುತ್ತದಲ್ಲ, ಅದು ಮೊದಲನೆಯದು. ಆಂಪ್ಲಿಫೈಯರ್‌ಗೆ ತಾಳುವಷ್ಟಕ್ಕಿಂತ ಹೆಚ್ಚಿನ ಸಂಕೇತ ಕೊಟ್ಟರೆ ದನಿಯ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದ ಅಲೆಯಿಂದ ಮೂಲದಲ್ಲಿ ಇಲ್ಲದ ಎಷ್ಟೋ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಮೈಕ್‌ಸೆಟ್‌ನವನ ತಪ್ಪನ್ನೇ ಮೆಟಲ್‌ನವರು ಬೇಕೆಂದು, ಅಳತೆಯಿಟ್ಟು ಮಾಡುತ್ತಾರೆ. ಎರಡನೆಯದು ಷಡ್ಜ ಮತ್ತು ಪಂಚಮ. ನಮ್ಮ ತಂಬೂರಿ ಯಾವ ಎರಡು ಸ್ವರಗಳ ಮೇಲೆ ನಿಂತಿದೆಯೋ ಅವೇ ಎರಡನ್ನು ಒಟ್ಟಿಗೆ ಒತ್ತಿ ಮೀಟುವುದು ಮೆಟಲ್ ಗಿಟಾರಿನ ಬುನಾದಿ. ಗಿಟಾರಿನಲ್ಲಿ ಸಾಮಾನ್ಯವಾಗಿ ಇವುಗಳ ಜೊತೆಗೇ ಮೀಟುವ ಗಾಂಧಾರವನ್ನು ಏಕೆ ಬಿಡುತ್ತಾರೆ? ಗಿಟಾರಿನ ಮೆಟ್ಟುಗಳಲ್ಲಿ ಪಂಚಮ ಬಹುತೇಕ ಶುದ್ಧವಾಗಿ ಷಡ್ಜಕ್ಕೆ ಕೂಡುತ್ತದೆ, ಗಾಂಧಾರ ಮಾತ್ರ ಒಂದಿಷ್ಟು ಏರಿಯೇ ಇರುತ್ತದೆ. ಸಾಮಾನ್ಯವಾಗಿ ನುಡಿಸುವಾಗ ಕಿವಿ ಅದನ್ನು ಮನ್ನಿಸುತ್ತದೆ. ಒಡೆದ ದನಿಯಲ್ಲಿ ಆ ಸಣ್ಣ ವ್ಯತ್ಯಾಸವೇ ಹಿಗ್ಗಿ ಎಲ್ಲವನ್ನೂ ರಾಡಿ ಮಾಡುತ್ತದೆ. ಷಡ್ಜ ಪಂಚಮಗಳು ಮಾತ್ರ ಇದ್ದರೆ ಅವೆರಡರ ಕಂಪನಗಳ ಅಂತರದಿಂದ ಕೆಳಗಿನ ಷಡ್ಜವೂ ತಾನಾಗಿ ಮೂಡಿ ದನಿ ಇನ್ನಷ್ಟು ದಪ್ಪವಾಗುತ್ತದೆ. ಇದು ತಿಳಿದ ಮೇಲೆ ಕೀಬೋರ್ಡ್ ಗೆಳೆಯ ‘ಗದ್ದಲ’ ಎನ್ನುವುದನ್ನು ಬಿಟ್ಟ.

ಅನ್ವಿಲ್‌ನ ವಿಶೇಷ ಇರುವುದು ರಾಬ್‌ನ ಕಾಲುಗಳಲ್ಲಿ. ಇದನ್ನು ವಿವರಿಸಲು ನಮ್ಮ ಊರಿನ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಸಾಧನ ನನಗೆ ಸಿಗದು. ಭಟ್ಟಿಯ ಮುಂದೆ ನಿಂತು ನೋಡಿ. ಕೆಂಪಗೆ ಕಾದ ಮರಳಿಗೆ ಅಕ್ಕಿ ಸುರಿದ ಕೂಡಲೇ ಏನೂ ಆಗುವುದಿಲ್ಲ. ಆಮೇಲೆ ಟಪ್ ಎಂದು ಒಂದು ಕಾಳು, ಇನ್ನೊಂದು ಕಾಳು. ಭಟ್ಟಿಯವನು ಸೌಟು ಆಡಿಸುತ್ತಿದ್ದಂತೆ ಬಿಡಿ ಬಿಡಿ ಸದ್ದುಗಳು ಒಂದರ ಬೆನ್ನಿಗೊಂದು ಏರಿ ಬಂದು, ಎಣಿಸಲಾಗದ ಒಂದು ಗಳಿಗೆಯಲ್ಲಿ ಎಲ್ಲ ಸೇರಿ ಒಂದೇ ಮೊರೆತವಾಗುತ್ತದೆ. ಅದೇ ಡಬಲ್ ಬೇಸ್. ಸಾಮಾನ್ಯ ಡ್ರಮ್ಸ್‌ನಲ್ಲಿ ಬಲಗಾಲು ಒಂದೇ ದೊಡ್ಡ ಡ್ರಮ್ಮನ್ನು ಒದೆಯುತ್ತದೆ. ಎಡಗಾಲಿಗೆ ಜೋಡಿ ಕಂಚಿನ ತಾಳಗಳನ್ನು ಕೂಡಿಸಿ ಬಿಡಿಸುವ ಕೆಲಸ. ಇಲ್ಲಿ ಎರಡು ಕಾಲುಗಳೂ ಎರಡು ಪೆಡಲ್‌ಗಳ ಮೇಲೆ ಬಲ ಎಡ ಬಲ ಎಡ ಎಂದು ಓಡುತ್ತವೆ. ಮೀನಖಂಡದಲ್ಲಿ ಬೆಂಕಿ ಬೀಳುತ್ತದೆ. ಕಷ್ಟ ವೇಗದಲ್ಲಿಲ್ಲ, ಎಡಗಾಲಿನ ಪೆಟ್ಟು ಬಲಗಾಲಿನ ಪೆಟ್ಟಿನಷ್ಟೇ ತೂಗಬೇಕು ಎಂಬುದರಲ್ಲಿದೆ. ನಾನು ಎರಡು ವರ್ಷ ಪ್ರಯತ್ನಿಸಿದೆ. ನನ್ನ ಎಡಗಾಲು ಕೊನೆಗೂ ಅರ್ಧ ತೂಕದ್ದೇ. ರಾಬ್ ಇದನ್ನು 1982ರ ಆಲ್ಬಮ್‌ನಲ್ಲಿ ಮಾಡಿ ತೋರಿಸಿದ್ದ. ಮುಂದೆ ಜಗತ್ತಿನಲ್ಲೇ ಅತಿ ಹೆಸರಾದ ಮೆಟಲ್ ತಂಡಗಳಲ್ಲಿ ಒಂದಾದ ಮೆಟಾಲಿಕಾ ಆಗ ಹುಟ್ಟಿ ಒಂದು ವರ್ಷವಾಗಿತ್ತಷ್ಟೆ, ಅದರ ಮೊದಲ ಆಲ್ಬಮ್ ಬರಲು ಇನ್ನೂ ಒಂದು ವರ್ಷವಿತ್ತು.

ಈಗ ಚಿತ್ರದ ಆರಂಭಕ್ಕೆ ಬರೋಣ. 1984, ಜಪಾನ್. ಬೇಸಿಗೆಯ ದೊಡ್ಡ ಸಂಗೀತ ಉತ್ಸವ. ಒಂದೇ ವೇದಿಕೆಗೆ ಸ್ಕಾರ್ಪಿಯನ್ಸ್, ವೈಟ್‌ಸ್ನೇಕ್, ಬಾನ್ ಜೋವಿ, ಅನ್ವಿಲ್. ಇವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ದಶಲಕ್ಷಗಟ್ಟಲೆ ಆಲ್ಬಮ್ ಮಾರಿದರು ಎಂದು ಚಿತ್ರ ಹೇಳುತ್ತದೆ. ಬಾನ್ ಜೋವಿ 1986ರಲ್ಲಿ ತಂದ ಆಲ್ಬಮ್ ಅಮೆರಿಕವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. ಅದೇ ವೇದಿಕೆ, ಅದೇ ಜನ. ಹಾಗಿದ್ದರೆ ದಾರಿ ಬೇರೆಯಾದದ್ದು ಎಲ್ಲಿ?

ನನ್ನ ಉತ್ತರ ನಾಲ್ಕು ವರ್ಷಗಳ ಒಂದು ಖಾಲಿ ಜಾಗ. ಅನ್ವಿಲ್‌ನ ಮೂರನೆಯ ಆಲ್ಬಮ್ ಬಂದದ್ದು 1983ರಲ್ಲಿ, ನಾಲ್ಕನೆಯದು 1987ರಲ್ಲಿ. ಮೊದಲ ಮೂರನ್ನೂ ತಂದಿದ್ದು ಕೆನಡಾದ ಒಂದು ಸಣ್ಣ ಕಂಪನಿ. ಹೆಸರು ಏರತೊಡಗಿದಾಗ ತಂಡ ದೊಡ್ಡ ಮ್ಯಾನೇಜರ್ ಒಬ್ಬರ ಕೈಗೆ ಹೋಯಿತು, ಸಣ್ಣ ಕಂಪನಿಯನ್ನು ಬಿಟ್ಟಿತು, ದೊಡ್ಡ ಕಂಪನಿಗಾಗಿ ಕಾಯಿತು. ದೊಡ್ಡ ಕಂಪನಿ ಬರಲೇ ಇಲ್ಲ. ಇದೇ ಅವಧಿಯಲ್ಲಿ ಮೆಟಾಲಿಕಾ ಮೂರು ಆಲ್ಬಮ್ ತಂದಿತು. ಸ್ಲೇಯರ್, ಆಂಥ್ರಾಕ್ಸ್, ಮೆಗಾಡೆತ್ ಎಲ್ಲವೂ ತಮ್ಮ ಜನರನ್ನು ಕಟ್ಟಿಕೊಂಡವು. ಹೊಸ ರುಚಿಯೊಂದು ಬೆಳೆಯುವಾಗ ಮೊದಲ ನಾಲ್ಕೈದು ವರ್ಷಗಳಲ್ಲಿ ಹದಿನಾರು ಹದಿನೇಳರ ಹುಡುಗರು ತಮ್ಮದೆನ್ನುವ ತಂಡಗಳನ್ನು ಆರಿಸಿಕೊಳ್ಳುತ್ತಾರೆ. ಒಮ್ಮೆ ಆರಿಸಿಕೊಂಡರೆ ಅದು ಜೀವಮಾನದ ನಿಷ್ಠೆ. ಆ ಆಯ್ಕೆಯ ಹೊತ್ತಿನಲ್ಲಿ ಅನ್ವಿಲ್ ಅಂಗಡಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಮೆಕ್ಕೆಜೋಳ ಹಾಕುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ವಾರ ಬಿತ್ತಲಿಲ್ಲವೆಂದರೆ ಆಮೇಲೆ ಎಷ್ಟು ದುಡಿದರೂ ಆ ವರ್ಷದ ಬೆಳೆ ಅಷ್ಟೇ.

1991ರಲ್ಲಿ ಮೆಟಾಲಿಕಾದ ಆಲ್ಬಮ್ ಒಂದು ಕ್ಯಾಸೆಟ್ ರೂಪದಲ್ಲಿ ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲ್‌ಗಳಿಗೂ ಬಂತು. ಆಗಿನ್ನೂ ನಾವು ಚಿತ್ರದುರ್ಗ ಜಿಲ್ಲೆಯವರು. ಕಪ್ಪು ಹೊದಿಕೆಯ ಆ ಕ್ಯಾಸೆಟ್ಟನ್ನು ಒಬ್ಬ ಹುಡುಗ ಬೆಂಗಳೂರಿನಿಂದ ತಂದಿದ್ದ, ನಾನು ಅದರ ನಕಲಿನ ನಕಲನ್ನು ಕೇಳಿದವನು. ಅನ್ವಿಲ್ ಎಂಬ ಹೆಸರನ್ನು ಆಗ ನಮಗೆ ಹೇಳುವವರೇ ಇರಲಿಲ್ಲ.

ದುಡ್ಡಿನ ವಿಷಯ ಇನ್ನೂ ಗೋಜಲಿನದು, ಆದರೆ ದಾವಣಗೆರೆಯ ಎಪಿಎಂಸಿಯಲ್ಲಿ ಒಂದು ಬೆಳಿಗ್ಗೆ ಕಳೆದವರಿಗೆ ಅರ್ಥವಾಗುತ್ತದೆ. ರೈತ ಬಿತ್ತನೆಗೆ ದಲಾಲರಿಂದ ಮುಂಗಡ ತರುತ್ತಾನೆ. ಬೆಳೆ ಬಂದಾಗ ಅದನ್ನು ಅವರ ಮಂಡಿಗೇ ಹಾಕಬೇಕು. ಪಟ್ಟಿ ಕೈಗೆ ಬಂದಾಗ ಹಮಾಲಿ, ತೂಕ, ಮುಂಗಡ, ಅದರ ಬಡ್ಡಿ ಎಲ್ಲ ಕಳೆದು ಉಳಿದದ್ದು ರೈತನದು. ಸಂಗೀತ ಕಂಪನಿಯ ಒಪ್ಪಂದದ ಹಳೆಯ ಪದ್ಧತಿಯೂ ಇದೇ. ಕಂಪನಿ ಕೊಡುವ ಹಣ ಬಹುಮಾನವಲ್ಲ, ಮುಂಗಡ. ಸ್ಟುಡಿಯೊ ಬಾಡಿಗೆ, ಧ್ವನಿಮುದ್ರಣದ ಉಸ್ತುವಾರಿ ನೋಡುವ ನಿರ್ಮಾಪಕನ ಸಂಭಾವನೆ ಎಲ್ಲ ತಂಡದ ಖಾತೆಗೇ ಬೀಳುತ್ತವೆ. ಒಂದು ಲೆಕ್ಕ ಹಾಕೋಣ, ಉದಾಹರಣೆಗಷ್ಟೆ. ಮುಂಗಡ ಹತ್ತು ಲಕ್ಷ, ಆಲ್ಬಮ್‌ನ ಬೆಲೆ ನೂರು ರೂಪಾಯಿ, ತಂಡದ ಪಾಲು ಹನ್ನೆರಡು ಎಂದುಕೊಳ್ಳಿ. ಆ ಹತ್ತು ಲಕ್ಷವನ್ನು ಹನ್ನೆರಡು ಹನ್ನೆರಡಾಗಿ ತೀರಿಸಬೇಕಾದ್ದರಿಂದ 83 ಸಾವಿರ ಪ್ರತಿ ಮಾರಾಟವಾಗುವವರೆಗೆ ತಂಡಕ್ಕೆ ಇನ್ನೊಂದು ರೂಪಾಯಿ ಬರುವುದಿಲ್ಲ. ಅಷ್ಟರಲ್ಲಿ ಅಂಗಡಿಗಳ ಮೂಲಕ 83 ಲಕ್ಷದ ವ್ಯಾಪಾರ ನಡೆದಿರುತ್ತದೆ, ಅದರಲ್ಲಿ ಕಂಪನಿ ತನ್ನ ಪಾಲನ್ನು ಮೊದಲ ಪ್ರತಿಯಿಂದಲೇ ಎತ್ತಿಕೊಂಡಿರುತ್ತದೆ. ದಲಾಲರಿಗೂ ಕಂಪನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಳೆ ಮಾರಿದ ಮೇಲೆ ಹೊಲ ರೈತನದೇ ಆಗಿರುತ್ತದೆ. ಇಲ್ಲಿ ಮುಂಗಡ ತೀರಿದ ಮೇಲೂ ಧ್ವನಿಮುದ್ರಣದ ಒಡೆತನ ಸಾಮಾನ್ಯವಾಗಿ ಕಂಪನಿಯಲ್ಲೇ ಉಳಿಯುತ್ತದೆ.

ಚಿತ್ರದಲ್ಲಿ ಮೆಟಾಲಿಕಾದ ಲಾರ್ಸ್ ಉಲ್ರಿಕ್, ಗನ್ಸ್ ಎನ್ ರೋಸಸ್‌ನ ಸ್ಲ್ಯಾಶ್, ಮೋಟರ್‌ಹೆಡ್‌ನ ಲೆಮ್ಮಿ, ಸ್ಲೇಯರ್‌ನ ಟಾಮ್ ಅರಾಯಾ, ಆಂಥ್ರಾಕ್ಸ್‌ನ ಸ್ಕಾಟ್ ಇಯನ್ ಎಲ್ಲರೂ ಅನ್ವಿಲ್ ಬಗ್ಗೆ ಮನಸಾರೆ ಮಾತಾಡುತ್ತಾರೆ. ಗಾಯಕ ಗೆಳೆಯ ಇಲ್ಲಿ ಸಿಟ್ಟಾದ. ಅನ್ವಿಲ್‌ನಿಂದ ಅಷ್ಟೊಂದು ಕಲಿತವರು ಒಂದಿಷ್ಟು ಹಣ ಕೊಡಬಾರದಿತ್ತೇ ಎಂದ. ಕಾನೂನಿನ ಮಾತು ಹೀಗಿದೆ: ಕೃತಿಸ್ವಾಮ್ಯ ಇರುವುದು ಹಾಡಿಗೆ, ಅದರ ಸಾಹಿತ್ಯಕ್ಕೆ, ಆ ಒಂದು ಧ್ವನಿಮುದ್ರಣಕ್ಕೆ. ಬಾರಿಸುವ ರೀತಿಗೆ, ವೇಗಕ್ಕೆ, ಗಿಟಾರಿನ ದನಿಯ ಬಣ್ಣಕ್ಕೆ ಕೃತಿಸ್ವಾಮ್ಯವಿಲ್ಲ. ಇರಬಾರದು ಕೂಡ. ಇದ್ದಿದ್ದರೆ ಯಾವ ಘರಾನೆಯೂ ಬೆಳೆಯುತ್ತಿರಲಿಲ್ಲ, ಯಾವ ನಾಟಕ ಕಂಪನಿಯ ಹಾಸ್ಯನಟನೂ ಹಿಂದಿನವರನ್ನು ನೋಡಿ ಕಲಿಯುವಂತಿರಲಿಲ್ಲ. ಹೀಗಾಗಿ ದಾರಿ ತೋರಿಸಿದವನಿಗೆ ಗೌರವ ಸಿಗುತ್ತದೆ, ಆ ದಾರಿಯಲ್ಲಿ ಹಾಡು ಬರೆದವನಿಗೆ ಹಣ ಸಿಗುತ್ತದೆ. ಇದು ನ್ಯಾಯವೋ ಅನ್ಯಾಯವೋ ಎಂದು ನಾವು ಚಹಾ ಆರುವವರೆಗೆ ವಾದಿಸಿದೆವು.

ಚಿತ್ರದ ನಡುವಿನ ಭಾಗ ಯೂರೋಪ್ ಪ್ರವಾಸ. ಇಟಲಿಯ ಮೂಲದ ಅಭಿಮಾನಿಯೊಬ್ಬಳು ತಂಡಕ್ಕೆ ಪತ್ರ ಬರೆದು, ಐದು ವಾರಗಳ ಪ್ರವಾಸವನ್ನು ತಾನೇ ಏರ್ಪಡಿಸುತ್ತಾಳೆ. ಅವಳಿಗೆ ಪ್ರೀತಿಯಿದೆ, ಅನುಭವವಿಲ್ಲ. ರೈಲು ತಪ್ಪುತ್ತವೆ, ನಿಲ್ದಾಣದಲ್ಲೇ ಮಲಗಬೇಕಾಗುತ್ತದೆ. ಪ್ರಾಗ್ ನಗರದ ಕ್ಲಬ್ ಹುಡುಕುವಷ್ಟರಲ್ಲಿ ಹೊತ್ತು ಮೀರುತ್ತದೆ. ತಂಡ ನುಡಿಸುತ್ತದೆ, ಕ್ಲಬ್‌ನವನು ತಡವಾಗಿ ಬಂದಿರೆಂದು ಹಣ ಕೊಡುವುದಿಲ್ಲ. ಲಿಪ್ಸ್‌ನ ತಾಳ್ಮೆ ಹರಿದು ಮಾತು ಕೈಕೈ ಮಿಲಾಯಿಸುವ ಹಂತಕ್ಕೆ ಹೋಗುತ್ತದೆ.

ಆ ದೃಶ್ಯ ಬಂದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದು ಗಣೇಶೋತ್ಸವ. ನಮ್ಮ ಟೆಂಪೊ ದಾರಿಯಲ್ಲಿ ಕೆಟ್ಟು, ಒಂಬತ್ತಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಹನ್ನೊಂದಕ್ಕೆ ಶುರುವಾಯಿತು. ರಾತ್ರಿ ಎರಡರವರೆಗೆ ನುಡಿಸಿದೆವು, ಜನ ಕದಲಲಿಲ್ಲ. ಕೊನೆಗೆ ಸಮಿತಿಯವರು ಎರಡು ತಾಸಿನ ತಡಕ್ಕೆಂದು ಅರ್ಧ ಹಣ ಮುರಿದುಕೊಂಡರು. ಬಾಕಿ ಕೇಳಲು ನಿಂತಿದ್ದ ಗಾಯಕನ ಕೈಯಲ್ಲಿ ಅವರು ಹಾಕಿದ ಶಾಲು, ಹಣ್ಣಿನ ತಟ್ಟೆ ಹಾಗೇ ಇತ್ತು. ಟೆಂಪೊ ಬಾಡಿಗೆ ಕೊಟ್ಟ ಮೇಲೆ ತಲೆಗೆ ಉಳಿದದ್ದು ನೂರಾ ಹತ್ತು ರೂಪಾಯಿ. ಪ್ರವಾಸದ ಲೆಕ್ಕ ಎಲ್ಲ ಕಡೆಯೂ ಒಂದೇ. ಬರುವುದು ಕಾರ್ಯಕ್ರಮ ನಡೆದರೆ ಮಾತ್ರ ಬರುತ್ತದೆ, ಹೋಗುವುದು ನಡೆಯಲಿ ಬಿಡಲಿ ಹೋಗುತ್ತಲೇ ಇರುತ್ತದೆ. ದೊಡ್ಡ ತಂಡಕ್ಕೆ ಮುಂಚಿತವಾಗಿ ಖಾತ್ರಿ ಮೊತ್ತ ಸಿಗುತ್ತದೆ. ಸಣ್ಣ ತಂಡಕ್ಕೆ ಬಾಯಿಮಾತು. ಐದು ವಾರಗಳ ನಂತರ ಅನ್ವಿಲ್ ಬರಿಗೈಯಲ್ಲಿ ಮನೆಗೆ ಮರಳುತ್ತದೆ. ಎಲ್ಲ ಕೆಟ್ಟಿತು ನಿಜ, ಕೆಡುವುದಕ್ಕಾದರೂ ಒಂದು ಪ್ರವಾಸವಿತ್ತಲ್ಲ ಎಂಬರ್ಥದ ಮಾತನ್ನು ಲಿಪ್ಸ್ ಹೇಳುತ್ತಾನೆ. ನಮ್ಮ ಕೀಬೋರ್ಡಿನವನು ಅದನ್ನು ತನ್ನ ಡೈರಿಯಲ್ಲಿ ಬರೆದುಕೊಂಡ.

ಆಮೇಲೆ ಹದಿಮೂರನೆಯ ಆಲ್ಬಮ್. ಹಳೆಯ ಆಲ್ಬಮ್‌ಗಳ ನಿರ್ಮಾಪಕ ಕ್ರಿಸ್ ಸಾಂಗರೈಡಿಸ್ ಇಂಗ್ಲೆಂಡಿನ ಡೋವರ್‌ನಲ್ಲಿ ಮಾಡಿಕೊಡಲು ಒಪ್ಪುತ್ತಾನೆ, ಹಣ ಬೇಕು. ಲಿಪ್ಸ್ ಫೋನಿನಲ್ಲಿ ತಂಪು ಕನ್ನಡಕ ಮಾರುವ ಕೆಲಸಕ್ಕೆ ಸೇರಿ ನೋಡುತ್ತಾನೆ, ಒಂದನ್ನೂ ಮಾರಲಾಗುವುದಿಲ್ಲ. ಸುಳ್ಳು ಹೇಳಲು ಬಾರದವನು. ಕೊನೆಗೆ ಅಕ್ಕರೆಯ ಸೋದರಿ ಸಾಲ ಕೊಡುತ್ತಾಳೆ. ಸ್ಟುಡಿಯೊದಲ್ಲಿ ಇಬ್ಬರು ಗೆಳೆಯರೂ ಜಗಳವಾಡಿ, ತಂಡ ಒಡೆಯಿತು ಎನ್ನುವ ಮಟ್ಟಕ್ಕೆ ಹೋಗಿ, ಅತ್ತು, ಒಂದಾಗುತ್ತಾರೆ. ಆಲ್ಬಮ್ ಸಿದ್ಧವಾದ ಮೇಲೆ ಕಂಪನಿಗಳ ಬಾಗಿಲು ತಟ್ಟಿದರೆ ಯಾರಿಗೂ ಬೇಡ. ಮೊದಲ ಬಾರಿ ನೋಡಿದಾಗ ಈ ಭಾಗದಲ್ಲಿ ನನ್ನ ಕಣ್ಣು ಮಂಜಾಗಿತ್ತು. ಎರಡನೆಯ ಬಾರಿ ನಾನು ಗಮನಿಸಿದ್ದು ಅವರ ಮನೆಯವರನ್ನು. ಹೆಂಡತಿಯರು, ಅಕ್ಕ ತಂಗಿಯರು. ಕೆಲವರು ನಂಬಿದವರು, ಕೆಲವರು ಎಂದೋ ಇದು ಮುಗಿಯಿತು ಎಂದುಕೊಂಡವರು, ಯಾರೂ ಬಿಟ್ಟು ಹೋಗಲಿಲ್ಲ. ಕೀರ್ತಿಯ ಬೆನ್ನು ಹತ್ತಿದವನ ಖರ್ಚನ್ನು ಮನೆಯವರು ಕಂತಿನಲ್ಲಿ ತೀರಿಸುತ್ತಾರೆ. ನನ್ನ ಹೆಂಡತಿ ಹದಿನಾರು ವರ್ಷ ಗೌರಿ ಗಣೇಶ ಹಬ್ಬವನ್ನು ಒಬ್ಬಳೇ ಮಾಡಿದವಳು.

ದಾವಣಗೆರೆಯಲ್ಲಿ ಈ ಬದುಕು ಹೊಸತಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅದೇ ರಂಗದ ಮೇಲೆ ಬೆಳೆದವರು. ಕಂಪನಿ ನಾಟಕದ ಕಲಾವಿದರು ಒಂದು ಊರಿನಲ್ಲಿ ಮೊಕ್ಕಾಂ ಹೂಡಿ, ಕಲೆಕ್ಷನ್ ಬಿದ್ದಾಗ ತಗಡು, ಪರದೆ, ಮಕ್ಕಳು ಮರಿ ಎಲ್ಲ ಲಾರಿಗೆ ಹೇರಿ ಇನ್ನೊಂದು ಊರಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಮೂವತ್ತು ಜನರ ಎದುರಿಗೂ ಪೂರ್ತಿ ನಾಟಕ ಆಡಿದ ಕಥೆಗಳನ್ನು ನಾನು ಹಿರಿಯ ಹಾರ್ಮೋನಿಯಂ ವಾದಕರ ಬಾಯಲ್ಲೇ ಕೇಳಿದ್ದೇನೆ. ಆದರೆ ಕಂಪನಿ ನಾಟಕದವರಿಗೆ ಒಂದು ಅನುಕೂಲವಿತ್ತು. ಅವರ ಪ್ರೇಕ್ಷಕರು ಒಂದೇ ಊರಿನಲ್ಲಿ ಗುಂಪಾಗಿದ್ದರು. ಊರಿನ ನೂರರಲ್ಲಿ ಹತ್ತು ಜನ ಬಂದರೂ ಡೇರೆ ತುಂಬುತ್ತಿತ್ತು. ಅನ್ವಿಲ್‌ನಂಥ ತಂಡಕ್ಕೆ ಅಭಿಮಾನಿಗಳಿಲ್ಲ ಎಂದಲ್ಲ. ಟೊರೊಂಟೊದಲ್ಲಿ ನೂರು, ಪ್ರಾಗ್‌ನಲ್ಲಿ ಮೂವತ್ತು, ಜಪಾನಿನಲ್ಲಿ ಸಾವಿರ ಎಂದು ಜಗತ್ತಿನ ತುಂಬ ಉದುರಿಬಿದ್ದ ಕಾಳುಗಳಂತೆ ಅವರು ಇರುತ್ತಾರೆ. ಎಲ್ಲರನ್ನೂ ಒಂದೆಡೆ ಸೇರಿಸಿದರೆ ದೊಡ್ಡ ಕ್ರೀಡಾಂಗಣವೇ ತುಂಬೀತು. ಸೇರಿಸುವವರು ಬೇಕು. ದೊಡ್ಡ ಕಂಪನಿ, ರೇಡಿಯೊ, ಟಿವಿ, ಪತ್ರಿಕೆ ಇವೆಲ್ಲ ನಿಜವಾಗಿ ಮಾಡುವುದು ಈ ಸೇರಿಸುವ ಕೆಲಸವನ್ನೇ. ನಾವು ಕೀರ್ತಿ ಎಂದು ಕರೆಯುವುದರಲ್ಲಿ ಪ್ರತಿಭೆಯ ಪಾಲು ಎಷ್ಟೋ, ಈ ಕೂಡಿಸುವ ಯಂತ್ರದ ಪಾಲೂ ಅಷ್ಟೇ ಇದೆ. 174ರ ರಾತ್ರಿಯಲ್ಲಿ ಕೆಟ್ಟಿದ್ದು ಆ ಯಂತ್ರ, ರಾಬ್‌ನ ಕಾಲಲ್ಲ. ಗೆಳೆಯನಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು.

ಆ ಯಂತ್ರ ಕೊನೆಗೆ ಬಂದದ್ದು ಯಾರೂ ಎಣಿಸದ ಕಡೆಯಿಂದ. ಚಿತ್ರದ ನಿರ್ದೇಶಕ ಸಾಶಾ ಗೆರ್ವಾಸಿ 1982ರಲ್ಲಿ ಲಂಡನ್ನಿನಲ್ಲಿ ಅನ್ವಿಲ್ ಕಾರ್ಯಕ್ರಮ ನೋಡಿ ಮರುಳಾದ ಹುಡುಗ. ತಂಡದ ಹಿಂದೆಯೇ ಕೆನಡಾಕ್ಕೆ ಹೋಗಿ ಅವರ ಸಾಮಾನು ಹೊತ್ತು ತಿರುಗಿದ. ಮುಂದೆ ಚಿತ್ರಕಥೆ ಬರೆಯುವವನಾಗಿ, ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ದಿ ಟರ್ಮಿನಲ್’ ಚಿತ್ರದ ಬರಹಗಾರರಲ್ಲಿ ಒಬ್ಬನಾದ. ಇಪ್ಪತ್ತು ವರ್ಷಗಳ ನಂತರ ಹಳೆಯ ಗೆಳೆಯರು ಏನಾದರೆಂದು ಹುಡುಕಿದಾಗ ಅವರು ಇನ್ನೂ ನುಡಿಸುತ್ತಿರುವುದು ಕಂಡು ಬೆರಗಾಗಿ ಕ್ಯಾಮೆರಾ ಹಿಡಿದ. ಒಬ್ಬ ಅಭಿಮಾನಿ ತನ್ನ ಕೈಗೆ ಶಕ್ತಿ ಬಂದಾಗ ಹಿಂದಿರುಗಿ ಬಂದ ಎಂಬುದೇ ಈ ಚಿತ್ರದ ಜೀವ ಎಂದು ನನಗನಿಸುತ್ತದೆ. ಚಿತ್ರ 2008ರ ಜನವರಿಯಲ್ಲಿ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು, ಮುಂದಿನ ವರ್ಷ ಚಿತ್ರಮಂದಿರಗಳಿಗೆ ಬಂತು, 2010ರಲ್ಲಿ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರವಾಯಿತು. ಮೆಟಲ್ ಕೇಳದ ಜನ ಚಿತ್ರ ನೋಡಿ ಅತ್ತರು. ಹದಿಮೂರು ಆಲ್ಬಮ್‌ಗಳು ಮಾಡಲಾರದ್ದನ್ನು ಒಂದೂವರೆ ತಾಸಿನ ಚಿತ್ರ ಮಾಡಿತು. 2009ರಲ್ಲಿ ಎಸಿ/ಡಿಸಿ ತಂಡದ ಕೆಲವು ದೊಡ್ಡ ಕ್ರೀಡಾಂಗಣದ ಕಾರ್ಯಕ್ರಮಗಳಿಗೆ ಮುಂಚೆ ಅನ್ವಿಲ್ ನುಡಿಸಿತು. ಆಮೇಲೆ ಅವರು ಮೆಟಾಲಿಕಾ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಎರಡು ಮೂರು ವರ್ಷಕ್ಕೊಂದು ಆಲ್ಬಮ್ ತರುತ್ತ ಊರೂರು ತಿರುಗುತ್ತಿದ್ದಾರೆ. 2024ರಲ್ಲಿಯೂ ಒಂದು ಬಂತು.

ಚಿತ್ರ ಮುಗಿಯುವುದು ಜಪಾನಿನಲ್ಲೇ. 2006ರಲ್ಲಿ ಟೋಕಿಯೊ ಪಕ್ಕದ ಚೀಬಾದಲ್ಲಿ ನಡೆದ ಲೌಡ್ ಪಾರ್ಕ್ ಉತ್ಸವಕ್ಕೆ ಕರೆ ಬರುತ್ತದೆ. ಸಂತೋಷದಲ್ಲಿ ಹೋದವರಿಗೆ ಗೊತ್ತಾಗುವುದು ತಮ್ಮ ಸರದಿ ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ, ದಿನದ ಮೊದಲ ಕಾರ್ಯಕ್ರಮ ಎಂದು. ಉತ್ಸವದಲ್ಲಿ ಮೊದಲ ಸರದಿ ಎಂದರೆ ಏನೆಂದು ನುಡಿಸುವವರಿಗೆ ಗೊತ್ತು. ಹೊರಗೆ ಬಾಗಿಲು ತೆರೆಯುತ್ತಿರುತ್ತದೆ, ಒಳಗೆ ಮೈಕ್ ಪರೀಕ್ಷೆ ಆಗಷ್ಟೇ ಮುಗಿದಿರುತ್ತದೆ, ಎದುರಿಗೆ ಇರುವುದು ಕಾವಲುಗಾರರು. ಲಿಪ್ಸ್‌ನ ಮುಖದಲ್ಲಿ ಆ ಹೆದರಿಕೆ ಹಾಗೆಯೇ ಕಾಣುತ್ತದೆ. ಇಪ್ಪತ್ತೆರಡು ವರ್ಷಗಳ ನಂತರ ಈ ಬೆಳಿಗ್ಗೆಗೆ ಯಾರು ಬಂದಾರು?

ವೇದಿಕೆಗೆ ಹೋಗುವ ಹಾದಿಯಲ್ಲಿ ಅವರ ಬೆನ್ನ ಹಿಂದೆ ಕ್ಯಾಮೆರಾ ನಡೆಯುತ್ತದೆ. ಆಮೇಲೆ ಸಭಾಂಗಣ ಕಾಣುತ್ತದೆ. ತುಂಬಿದೆ. ಜಪಾನಿನಲ್ಲಿ 1984ರಿಂದ ಹೆವಿ ಮೆಟಲ್‌ಗೆಂದೇ ಮಾಸಪತ್ರಿಕೆಯೊಂದು ಬರುತ್ತಿದೆ, ಅಲ್ಲಿನ ಕೇಳುಗರು ಹಳೆಯ ತಂಡಗಳನ್ನು ಮರೆಯುವವರಲ್ಲ. ಚದುರಿದವರನ್ನು ಹಿಡಿದಿಡುವ ಯಂತ್ರ ಅಲ್ಲಿ ಕೆಟ್ಟಿರಲಿಲ್ಲ. ಇದನ್ನೆಲ್ಲ ಗೆಳೆಯರಿಗೆ ಹೇಳಬೇಕೆಂದು ಬಾಯಿ ತೆರೆದೆ. ಗಾಯಕ ಕೈ ಎತ್ತಿ ತಡೆದ. ಕೆಳಗಿನ ರಸ್ತೆಯಲ್ಲಿ ಮೂಟೆ ಇಳಿಸುವ ಹಮಾಲರ ಸದ್ದು ಬರುತ್ತಿತ್ತು. ಅವನು ಕಿಟಕಿ ಮುಚ್ಚಿ ಬಂದು ಕುಳಿತ. ‘ಒಳಗೆ ಹೋಗುವ ಮುಂಚಿನಿಂದ ಹಾಕು’ ಎಂದ. ಹಾಕಿದೆ.